ಉಮೇಶನ ಸೊಂಟದ ಲೇಬಲ್ಲು

ಫಸ್ಟ್ ಪಿಯುಸಿ ಮುಗಿಯುವುದರೊಳಗೆ ತನ್ನ ಬೆನ್ನು ನೋಡದವರು ಕಾಲೇಜಿನಲ್ಲಿ ಒಬ್ಬರೂ ಉಳಿಯಬಾರದು ಎಂದು ಮಾದಿಹಳ್ಳಿಯ ಉಮೇಶ್ ತೀರ್ಮಾನಿಸಿದ. ಮುಖದ ಮೇಲೆ ಅವನಿಗೆ ಅಂಥ ಭರವಸೆಯೇನೂ ಇರಲಿಲ್ಲ.

ಅದು ತೊಂಬತ್ತೇಳನೇ ಇಸವಿ. ಹಳೇಬೀಡಿನ ಕಾಲೇಜಿನಲ್ಲಿ ಆಗ ಇದ್ದದ್ದು ಎರಡೇ ಪಂಗಡ: ಲೇಬಲ್ಲಿನ ಜೀನ್ಸ್ ಹಾಕುವವರು, ಉಳಿದವರು. ಮೊದಲ ಪಂಗಡದ ಯಜಮಾನ ಬ್ಯಾಂಕ್ ಮ್ಯಾನೇಜರ್ ಮಗ ರವಿಕುಮಾರ್. ಅವನ ಪ್ಯಾಂಟಿನ ಸೊಂಟದ ಹಿಂದೆ, ಬಲಗಡೆ, ಬೆಂಕಿಪೊಟ್ಟಣದಷ್ಟಗಲದ ಚರ್ಮದ ಲೇಬಲ್ಲು. ಅದು ಕಾಣಲೆಂದೇ ಅವನು ದಿನಾ ಇನ್‌ಶರ್ಟ್ ಮಾಡುತ್ತಿದ್ದ. ಅವನು ಬಂದರೆ ಬಸ್ಸಿನಲ್ಲಿ ಹುಡುಗರು ಎದ್ದು ಸೀಟು ಬಿಡುತ್ತಿದ್ದರು. ಉಮೇಶ್ ಮೆಟ್ಟಿಲ ಮೇಲೆ ಜೋತಾಡುತ್ತಿದ್ದ. ಅದೂ ಹೋಗಲಿ ಎಂದರೆ, ಕ್ಲಾಸಿನ ಹೇಮಾಶ್ರೀ ನೋಟ್ಸ್ ಕೇಳುತ್ತಿದ್ದದ್ದೂ ರವಿಕುಮಾರನ ಹತ್ತಿರವೇ. ಅವನ ನೋಟ್ಸಿನಲ್ಲಿ ಅಕ್ಷರ ಕಾಗೆ ಕಾಲಿನಂತಿತ್ತು. ಹಾಗಾದರೆ ಅವಳು ಕೇಳಿದ್ದು ನೋಟ್ಸಿಗಾಗಿ ಅಲ್ಲ, ಲೇಬಲ್ಲಿಗಾಗಿ ಎಂದು ಉಮೇಶ್ ತರ್ಕಿಸಿದ.

ಅಪ್ಪ ಲಕ್ಕಪ್ಪ ಒಂದು ತಿಂಗಳು ಗೋಳು ಕೇಳಿಸಿಕೊಂಡು, ಕೊನೆಗೆ ಜೀನ್ಸ್ ಬಟ್ಟೆ ಕೊಡಿಸಿದ. ಹೊಲಿಯಲು ಬಸ್‌ಸ್ಟ್ಯಾಂಡಿನ ಕರಿಬಸವಯ್ಯನಿಗೆ ಒಪ್ಪಿಸಿದ್ದಾಯಿತು. ಪ್ಯಾಂಟು, ರವಿಕೆ, ಜೀಪಿನ ಸೀಟ್ ಕವರು ಎಲ್ಲವನ್ನೂ ಒಂದೇ ಮಿಷನ್ನಿನಲ್ಲಿ, ಒಂದೇ ಭಕ್ತಿಯಿಂದ ಹೊಲಿಯುವ ಮನುಷ್ಯ ಆತ.

"ಲೇಬಲ್ಲು ಹಾಕ್ತೀರಾ?" ಎಂದ ಉಮೇಶ್.

"ಹಾಕ್ದೆ ಬಿಡ್ತೀನೇನಪ್ಪ? ಒರಿಜಿನಲ್ ಚರ್ಮದ್ದೇ ಹಾಕ್ತೀನಿ. ನೀರು ಮಾತ್ರ ತಾಗಿಸ್ಬ್ಯಾಡ."

ಉಮೇಶ್ ತಾಗಿಸಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಆ ಪ್ಯಾಂಟು ಗೂಟದಿಂದ ಇಳಿಸಿದರೂ ತಾನೇ ನಿಂತುಕೊಳ್ಳುವ ಹಂತಕ್ಕೆ ಬಂತು. ಅವ್ವ ಮಾದಮ್ಮ ಎಷ್ಟಂತ ಮೂಗು ಮುಚ್ಚಿಕೊಂಡಾಳು? ಒಂದು ಭಾನುವಾರ ಅವನಿಲ್ಲದ ಹೊತ್ತಲ್ಲಿ ಅದನ್ನು ಸೋಡಾ ಪುಡಿಯಲ್ಲಿ ಕುದಿಸಿ, ಕಲ್ಲಿಗೆ ಹಾಕಿ ಒಗೆದೇಬಿಟ್ಟಳು. ಜೊತೆಗಿದ್ದ ಲಕ್ಕಪ್ಪನ ಬಿಳಿ ಪಂಚೆ ನೀಲಿಯಾಯಿತು. ಬೇರೆ ಪಂಚೆ ಇರಲಿಲ್ಲವಾಗಿ ಸಂಜೆ ಅದನ್ನೇ ಉಟ್ಟು ಅವನು ಡೈರಿಗೆ ಹಾಲು ಹಾಕಿ ಬಂದ.

"ಯಾವ ಪಾರ್ಟಿ ಸೇರ್ದೆ ಲಕ್ಕಣ್ಣ ಅಂತ ಊರೆಲ್ಲಾ ಕೇಳ್ತು," ಎಂದು ಹೇಳಿ ಕ್ಯಾನು ಇಳಿಸಿದ.

ಉಮೇಶನಿಗೆ ಪಂಚೆಯ ಚಿಂತೆ ಇರಲಿಲ್ಲ. ಓಡಿಹೋಗಿ ಲೇಬಲ್ಲು ನೋಡಿದ. ಅದು ಮಿರಮಿರ ಮಿಂಚುತ್ತಿತ್ತು.

"ಚರ್ಮ ನೀರು ಕುಡೀದೆ ಇರ್ತೈತೇನ್ಲಾ?" ಎಂದಳು ಅವ್ವ. ಮನೆಯಲ್ಲಿ ಎತ್ತಿನ ಚರ್ಮದ ಹಗ್ಗ, ಬಾರುಕೋಲು ನೋಡಿ ಬೆಳೆದವಳು.

"ಒರಿಜಿನಲ್ ಅಂದ್ರೆ ಹಂಗೇ ಕಣವ್ವ. ನಿಂಗೆಲ್ಲಿ ಗೊತ್ತಾಗ್ಬೇಕು."

ಈಗ ಉಳಿದದ್ದು ಜನಕ್ಕೆ ತೋರಿಸುವ ಕೆಲಸ. ಹಿಂದಿನ ಬೆಂಚಿನಲ್ಲಿ ಕೂತರೆ ಲೇಬಲ್ಲನ್ನು ನೋಡುವುದು ಗೋಡೆ ಮಾತ್ರ. ಉಮೇಶ್ ಮೊದಲ ಬೆಂಚಿಗೆ ಬಂದ. ಕೂತರೂ ಸರಿಯಾಗಿ ಕಾಣುವುದಿಲ್ಲ, ಏಳಬೇಕು. ಏಳಲು ಉತ್ತರ ಗೊತ್ತಿರಬೇಕು. ಆದರೆ ಡೌಟು ಕೇಳಲು ಏನೂ ಗೊತ್ತಿರಬೇಕಾಗಿಲ್ಲ! ದಿನಕ್ಕೆ ನಾಲ್ಕು ಸಲ ಎದ್ದು, "ಸಾರ್, ಇನ್ನೊಂದ್ಸಲ ಹೇಳಿ" ಎಂದು ಕೇಳಿ, ಪೂರ್ತಿ ಉತ್ತರ ಮುಗಿಯುವವರೆಗೂ ನಿಂತೇ ಇರುತ್ತಿದ್ದ. ಇತಿಹಾಸದ ಲೆಕ್ಚರರ್ ಭೀಮರಾಜ್ ಅವರಿಗೆ ಹನ್ನೆರಡು ವರ್ಷದ ಸರ್ವೀಸಿನಲ್ಲಿ ಇಂಥ ಜ್ಞಾನದಾಹಿ ಸಿಕ್ಕಿರಲಿಲ್ಲ. ಅವರ ಕಣ್ಣು ಒದ್ದೆಯಾಗುವುದೊಂದು ಬಾಕಿ.

"ಶನಿವಾರ ಬಸದಿಗೆ ಹೋಗ್ತಿದೀವಿ," ಎಂದರು ಒಂದು ದಿನ. "ಒಳಗಿನ ಕಂಬಗಳ ಬಗ್ಗೆ ನಾನು ಹೇಳಲ್ಲ. ನಮ್ಮ ಉಮೇಶ್ ಹೇಳ್ತಾನೆ."

ಉಮೇಶನಿಗೆ ಶನಿವಾರದವರೆಗೂ ಪುಸ್ತಕ ತೆಗೆಯುವುದು, ಹೇಮಾಶ್ರೀಯನ್ನು ನೆನೆಯುವುದು, ಪುಸ್ತಕ ಮುಚ್ಚುವುದು, ಇಷ್ಟೇ ಆಯಿತು. ಎಲ್ಲರೆದುರು ಬೆಬ್ಬೆಬ್ಬೆ ಅಂದರೆ ಲೇಬಲ್ಲು ಕಟ್ಟಿಕೊಟ್ಟ ಮರ್ಯಾದೆಯೆಲ್ಲ ಮಣ್ಣುಪಾಲು.

ಆದರೆ ದೇವರು ದೊಡ್ಡವನು. ಬಸದಿಯ ಬಾಗಿಲಲ್ಲಿ ಕಾವಲಿನ ಮುದುಕ ಶಿವಯ್ಯ ಅಡ್ಡ ನಿಂತು, "ಚರ್ಮದ್ದು ಏನೂ ಒಳಕ್ಕೆ ತರಂಗಿಲ್ಲ. ಬೆಲ್ಟು, ಪರ್ಸು ಎಲ್ಲಾ ಇಲ್ಲೇ ಇಡಿ," ಎಂದ.

ರವಿಕುಮಾರ್ ತನ್ನ ಸೊಂಟ ಮುಟ್ಟಿ ನೋಡಿಕೊಂಡು ಗಂಭೀರವಾಗಿ ಪಕ್ಕಕ್ಕೆ ಸರಿದ. ಉಮೇಶ್ ಅದಕ್ಕಿಂತ ಗಂಭೀರವಾಗಿ ಹೋಗಿ ಅವನ ಪಕ್ಕ ನಿಂತ.

"ಏನ್ಲಾ, ನಿಂದೂ ಚರ್ಮಾನಾ?" ಎಂದ ರವಿಕುಮಾರ್. ಅವನು ಉಮೇಶನನ್ನು ಮಾತಾಡಿಸಿದ್ದು ಅದೇ ಮೊದಲು.

"ಮತ್ತೆ?"

ಹೇಮಾಶ್ರೀ ಹೊಸ್ತಿಲಲ್ಲಿ ನಿಂತು ತಿರುಗಿದಳು. "ನೀವು ಬರಲ್ವಾ ಉಮೇಶ್? ಕಂಬದ ವಿಷ್ಯ ನೀವೇ ಅಲ್ವಾ ಹೇಳೋದು?"

"ಹೇಳ್ತಿದ್ದೆ ಕಣ್ರೀ. ಏನ್ಮಾಡೋದು, ಒರಿಜಿನಲ್ ಚರ್ಮ," ಎಂದು ಉಮೇಶ್ ನಿಟ್ಟುಸಿರು ಬಿಟ್ಟ. ಅವನ ಬದುಕಿನಲ್ಲಿ ಅಂಥ ಸುಖದ ಗಳಿಗೆ ಇನ್ನೊಂದಿರಲಿಲ್ಲ.

ಭೀಮರಾಜ್ ಅವರಿಗೆ ಮಾತ್ರ ತಮ್ಮ ಜ್ಞಾನದಾಹಿ ಹೊರಗುಳಿಯುವುದನ್ನು ನೋಡಲಾಗಲಿಲ್ಲ. "ಶಿವಯ್ಯ, ಇವನೊಬ್ಬನನ್ನ ಹೆಂಗಾದ್ರೂ ಬಿಡೋಕಾಗುತ್ತಾ ನೋಡಪ್ಪಾ."

ಶಿವಯ್ಯ ಕನ್ನಡಕ ಏರಿಸಿಕೊಂಡು ಬಂದ. ಮೊದಲು ರವಿಕುಮಾರನ ಲೇಬಲ್ಲು ಉಜ್ಜಿ ನೋಡಿ, "ಇದು ಚರ್ಮ. ನೀನು ಇಲ್ಲೇ ಇರು," ಎಂದ. ಆಮೇಲೆ ಉಮೇಶನನ್ನು ಹಿಂದಕ್ಕೆ ತಿರುಗಿಸಿ, ಬಗ್ಗಿ, ಉಗುರಿನಿಂದ ಕೆರೆದು, ಮೂಸಿಯೂ ನೋಡಿದ. ಇಡೀ ಕ್ಲಾಸು ಕಾಯುತ್ತಿತ್ತು.

"ರೆಕ್ಸಿನ್ ಕಣಪ್ಪ," ಎಂದು ಸಮಾಧಾನ ಹೇಳಿದ. ಕಿವಿ ಮಂದವಾದ್ದರಿಂದ ದನಿ ಜೋರಾಗಿತ್ತು. "ನಮ್ಮ ಆಫೀಸ್ ಜೀಪಿನ ಸೀಟಿಗೂ ಕರಿಬಸವಯ್ಯ ಇದ್ನೇ ಹಾಕವ್ನೆ. ದೋಷ ಇಲ್ಲ, ಧಾರಾಳವಾಗಿ ಹೋಗು."

ರವಿಕುಮಾರ್ ಎರಡು ಹೆಜ್ಜೆ ದೂರ ಸರಿದ. ಭೀಮರಾಜ್ ಉಮೇಶನ ಕೈ ಹಿಡಿದು ಪ್ರೀತಿಯಿಂದ ಒಳಗೆ ಕರೆದೊಯ್ದರು.

ಷರ್ಟು ಹೊರಗೆಳೆದು ಲೇಬಲ್ಲು ಮುಚ್ಚಿಕೊಂಡರೆ ಸೋತೆನೆಂದು ಒಪ್ಪಿಕೊಂಡಂತೆ. ಆದ್ದರಿಂದ ಉಮೇಶ್ ಹೋದವನೇ ಒಂದು ಕಂಬದ ಮುಂದೆ, ಅದಕ್ಕೆ ಬೆನ್ನು ಮಾಡಿ, ಎಲ್ಲರಿಗೂ ಎದುರಾಗಿ ನಿಂತುಬಿಟ್ಟ. ಇನ್ನು ಯಾರಪ್ಪನಿಗೂ ಕಾಣುವುದಿಲ್ಲ. ಆದರೂ ಎಲ್ಲರೂ ಅವನ ಮುಖ ಬಿಟ್ಟು ಅವನ ಹಿಂದೆಯೇ ನೋಡುತ್ತಾ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

"ಈ ಕಂಬದ ವಿಶೇಷ ಏನು, ಹೇಳು ಉಮೇಶ್," ಎಂದರು ಭೀಮರಾಜ್.

ಉಮೇಶ್ ಅಭ್ಯಾಸಬಲದಿಂದ, "ಸಾರ್, ಇನ್ನೊಂದ್ಸಲ ಹೇಳಿ," ಎಂದ. ಕೊನೆಗೆ ಹೇಮಾಶ್ರೀ ಕೈ ಎತ್ತಿದಳು.

"ನುಣುಪು ಸಾರ್. ಕನ್ನಡಿ ಥರ. ಮುಂದೆ ನಿಂತೋರ ಬೆನ್ನೂ ಕಾಣುತ್ತೆ."

ಫಸ್ಟ್ ಪಿಯುಸಿ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಉಮೇಶನ ಬೆನ್ನು ನೋಡದವರು ಆ ಕ್ಲಾಸಿನಲ್ಲಿ ಆಗಲೇ ಒಬ್ಬರೂ ಉಳಿದಿರಲಿಲ್ಲ.