ಮಾವನ ಕಾರಿಗೆ ಹೊಸ ಬೂಟು

ನಮ್ಮ ಮಾವ ಹಾಲಿನ ಡೇರಿಗೆ ಸ್ಪೋರ್ಟ್ಸ್ ಕಾರಿನಲ್ಲಿ ಹೋಗುತ್ತಾರೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ಕಣ್ಣಾರೆ ನೋಡುವ ತನಕ ನಾನೂ ನಂಬಿರಲಿಲ್ಲ. ಪಾಂಡವಪುರದಿಂದ ಶ್ರೀರಂಗಪಟ್ಟಣದ ಕಡೆಗೆ ಬರುವಾಗ ನಾಲೆಯ ಪಕ್ಕದಲ್ಲಿರುವ ಅವರೂರಿನಲ್ಲಿ ಬೆಳಗಿನ ಹೊತ್ತು ನಿಂತರೆ ನಿಮಗೂ ಆ ಭಾಗ್ಯ ಸಿಗುತ್ತದೆ. ಮೊದಲು ದೂರದಿಂದ ಒಂದು ಗುರುಗುಟ್ಟುವ ಸದ್ದು. ಆಮೇಲೆ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಬರುವಂಥ, ಕೆಂಪು ಬಣ್ಣದ, ಮೇಲೆ ಚಾವಣಿಯಿಲ್ಲದ, ಎರಡೇ ಸೀಟಿನ ಕಾರು. ಒಂದು ಸೀಟಿನಲ್ಲಿ ಪಂಚೆಯುಟ್ಟ ಮಾವ. ಇನ್ನೊಂದರಲ್ಲಿ ಸೀಟ್ ಬೆಲ್ಟ್ ಕಟ್ಟಿಸಿಕೊಂಡು ಗಂಭೀರವಾಗಿ ಕೂತ ಹಾಲಿನ ಕ್ಯಾನು!

ಇವರು ನನ್ನ ಅಮ್ಮನ ತಮ್ಮ. ಕಬ್ಬು ಬೆಳೆಯುತ್ತಾರೆ, ಹಸು ಸಾಕಿದ್ದಾರೆ. ಸೆಕೆಂಡ್ ಹ್ಯಾಂಡ್ ಟ್ರಾಕ್ಟರು ನೋಡಿಕೊಂಡು ಬರುತ್ತೇನೆಂದು ಮೈಸೂರಿಗೆ ಹೋದವರು ಸಂಜೆ ಈ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತಂತೆ. ನೋಡಿದ ಕೂಡಲೇ ಪಾಪ ಅನ್ನಿಸಿತಂತೆ! ಅತ್ತೆ ಹೊರಗೆ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಊರಿಗೆ ಊರೇ ಅವರ ಬಾಯಿಂದ ಏನು ಬರುತ್ತದೋ ಎಂದು ಕಾದಿತ್ತು.

“ಎಲ್ಲಾ ಸರಿ, ಇದ್ಕೆ ನೇಗ್ಲು ಎಲ್ಲಿ ಕಟ್ಟಾದು?” ಎಂದು ಕೇಳಿ ಅತ್ತೆ ಒಳಗೆ ಹೋದರು.

ಆ ಕಾರಿನ ದೊಡ್ಡ ಶತ್ರು ಎಂದರೆ ರಸ್ತೆಯ ಹಂಪು. ನಾನು ಸಂತೆಬಾಚಹಳ್ಳಿಯ ಶಾಲೆಯಲ್ಲಿ ಟೀಚರು. ಒಮ್ಮೆ ಅವರ ಮನೆಯಲ್ಲಿ ಉಳಿದಿದ್ದು ಬೆಳಿಗ್ಗೆ ಬಸ್ಸು ತಪ್ಪಿದಾಗ ಮಾವ “ನಡಿಯಮ್ಮಿ, ಗಾಳಿ ತರ ಬುಟ್ಬುಡ್ತೀನಿ” ಎಂದು ನನ್ನನ್ನು ಹತ್ತಿಸಿಕೊಂಡರು. ಗಾಳಿ ಮೊದಲನೇ ಹಂಪಿಗೇ ನಿಂತಿತು! ನನ್ನ ಭಾರಕ್ಕೆ ಕಾರಿನ ಹೊಟ್ಟೆ ಉಜ್ಜುತ್ತದಂತೆ. ನಾನು ಇಳಿದು ಬ್ಯಾಗು ಹಿಡಿದು ನಡೆಯಬೇಕು, ಕಾರು ಓರೆಯಾಗಿ ನಿಧಾನಕ್ಕೆ ಹಂಪು ದಾಟಬೇಕು, ಆಮೇಲೆ ನಾನು ಮತ್ತೆ ಕೂರಬೇಕು. ಹಂಪು ಹಂಪಿಗೂ ಇದೇ ಸೇವೆ. ಒಂದು ಊರಿನ ಅರಳಿಕಟ್ಟೆಯ ಮೇಲಿದ್ದ ಮುದುಕರೊಬ್ಬರು ನನ್ನ ಕಷ್ಟ ನೋಡಲಾರದೆ, “ಯಾಕವ್ವಾ, ಗಾಡಿಯವ್ನು ಜಗಳ ಆಡ್ಕಂಡು ಇಳುಸ್ಬುಟ್ನಾ? ಇರು, ನಾವ್ ಕೇಳ್ತೀವಿ” ಎಂದು ಎದ್ದೇಬಿಟ್ಟರು. ನಾನು ಶಾಲೆ ಸೇರಿದಾಗ ಪ್ರಾರ್ಥನೆಯಿರಲಿ, ಒಂದನೇ ಪಿರಿಯಡ್ಡೂ ಮುಗಿದಿತ್ತು.

ಇಂಥ ಕಾರಿಗೆ ಕಾಯಿಲೆ ಬಂತು. ಒಂದು ಭಾನುವಾರ ನಾನು ಮಾವನ ಮನೆಗೆ ಹೋದಾಗ ಕೊಟ್ಟಿಗೆಯ ಪಕ್ಕ, ಜಾಕ್ ಕೊಟ್ಟು ಎತ್ತಿದ್ದ ಕಾರಿನ ಕೆಳಗಿನಿಂದ ಎರಡು ಕಾಲು ಮಾತ್ರ ಚಾಚಿಕೊಂಡಿದ್ದವು.

“ಮಾವ, ಏನಾಯ್ತು?”

“ಬೂಟು ಅರ್ದೋಗದೆ ಕಣಮ್ಮಿ,” ಎಂದು ಕೆಳಗಿನಿಂದ ದುಃಖದ ದನಿ ಬಂತು.

ನಾನು ಆ ಕಾಲುಗಳನ್ನೇ ನೋಡಿದೆ. ಬರಿಗಾಲು. ಮಾವ ಜನ್ಮದಲ್ಲಿ ಬೂಟು ಹಾಕಿದವರೇ ಅಲ್ಲ!

ಆಮೇಲೆ ಅವರು ಹೊರಗೆ ಬಂದು ನನಗೆ ಪಾಠ ಮಾಡಿದರು. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಒಂದು ಸರಳು ಇದೆಯಂತೆ, ಅದೇ ಆಕ್ಸಲ್. ಅದರ ತುದಿಯಲ್ಲಿ ನಮ್ಮ ಮೊಣಕೈಯಂತೆ ಮಡಿಸುವ ಕೀಲು. ಕೀಲಿನ ತುಂಬ ಗ್ರೀಸು. ಆ ಗ್ರೀಸು ಹೊರಗೆ ಬಾರದಂತೆ, ಧೂಳು ಒಳಗೆ ಹೋಗದಂತೆ ಮೇಲೊಂದು ನೆರಿಗೆ ನೆರಿಗೆಯ ರಬ್ಬರ್ ಚೀಲ. ಅದಕ್ಕೇ ಬೂಟು ಎನ್ನುತ್ತಾರೆ. ಹಳೆಯ ರಬ್ಬರು ಬಿರುಕು ಬಿಟ್ಟು ಹರಿದು, ಗ್ರೀಸೆಲ್ಲ ಚಕ್ರದ ಒಳಮೈಗೆ ಸಿಡಿದಿತ್ತು.

“ಅಂಗೇ ಬುಟ್ರೆ ಮಣ್ಣು ಒಳಿಕ್ಕೋಗಿ ಕೀಲು ತೇದೋಯ್ತದೆ. ಆಮೇಲೆ ನಡು ರೋಡಲ್ಲಿ ನಿಂತ್ಕತದೆ,” ಎಂದ ಮಾವ ಹಣೆ ಒರೆಸಿಕೊಂಡರು. ಹಣೆಯ ತುಂಬ ಗ್ರೀಸು.

ಒಳಗಿನಿಂದ ಅತ್ತೆ, “ಅವ್ರ ಕಿತ್ತೋದ ಚಪ್ಲಿಗೆ ಉಂಗುಷ್ಟ ಹಾಕ್ಸಿ ಅಂತ ಬಾಯ್ ಬಡ್ಕಂಡೆ. ಈಗ ನೋಡು, ಕಾರ್ಗೆ ಬೂಟಂತೆ!” ಎಂದರು. ನಾನು ನಕ್ಕೆ. ಅತ್ತೆಯೂ ನಕ್ಕರು. ಆದರೆ ಕಾಫಿ ಕೊಡುವ ನೆಪದಲ್ಲಿ ನನ್ನನ್ನು ಅಡಿಗೆಮನೆಗೆ ಕರೆದು, ದನಿ ತಗ್ಗಿಸಿ, ಎದೆಯಲ್ಲಿ ಒಂದು ಗಂಟು ಸಿಕ್ಕಿದೆ ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರಂತೆ. ರಿಪೋರ್ಟು ಬರಲು ಇನ್ನೂ ಕೆಲವು ದಿನ ಬೇಕಂತೆ. ಒಬ್ಬಳೇ ಮಗಳು ನಾಗಮಂಗಲದ ಗಂಡನ ಮನೆಯಲ್ಲಿ ತುಂಬು ಬಸುರಿ. ಅವಳಿಗೆ ತಿಳಿಯಬಾರದು. “ರಿಪೋರ್ಟ್ ತರಕ್ಕೆ ನೀನು ನಂಜೊತೆ ಬತ್ತೀಯಾ?” ಎಂದು ಕೇಳಿದರು. ಬರುತ್ತೇನೆ ಎಂದೆ.  

“ಮಾವ ಏನಂತಾರೆ?”

“ಏನೂ ಅನ್ನಲ್ಲ. ಆವತ್ತು ಆಸ್ಪತ್ರೆಯಿಂದ ಬಂದವ್ರು ಸೀದಾ ಆ ಕಾರಿನ ಕೆಳಿಕ್ಕೋದ್ರು. ಉಣ್ಣಕ್ಕೆ ಮಾತ್ರ ಈಚ್ಗೆ ಬತ್ತಾವ್ರೆ.”

ನನಗೆ ಸಿಟ್ಟು ಬಂತು. ಯಾರಿಗೆ ತಾನೇ ಬರುವುದಿಲ್ಲ? ಹೆಂಡತಿಗೆ ಹೀಗಾಗಿರುವಾಗ ಇವರಿಗೆ ರಬ್ಬರಿನ ಚಿಂತೆಯೇ! ನಮ್ಮಮ್ಮನಂತೂ ಫೋನಿನಲ್ಲಿ ತಮ್ಮನಿಗೆ, “ನಿಂಗೇನ್ ಬುದ್ಧಿ ನೆಟ್ಗದಾ ಕಣ್ಲಾ? ಆ ಕಾರ್ನ ನಾಲೆಗೆ ತಳ್ಬುಡು, ಓಗು” ಎಂದು ಉಗಿದಳು. ಮಾವ, “ಆಯ್ತು ಕಣಕ್ಕ, ಬೂಟ್ ಹಾಕುಸ್ಬುಟ್ಟು ತಳ್ತೀನಿ” ಎಂದರು!

ಆ ವಾರವೆಲ್ಲ ಅವರು ಬೂಟಿನ ಬೇಟೆಗೆ ಹೊರಟರು. ಆ ಕಾರಿನ ಬೂಟು ಇಲ್ಲೆಲ್ಲಿ ಸಿಗಬೇಕು? ಪಾಂಡವಪುರದ ಅಂಗಡಿಯಲ್ಲಿ ಟ್ರಾಕ್ಟರಿನ ಸಾಮಾನಿತ್ತು, ಕೆ.ಆರ್. ಪೇಟೆಯಲ್ಲಿ ಆಟೋದ್ದಿತ್ತು. ಅಳತೆ ಮರೆತುಹೋಗದಿರಲೆಂದು ಮಾವ ಎರಡು ಬಳೆಗಳನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಚೀಲದ ಒಂದು ಬಾಯಿ ದೊಡ್ಡದು, ಅದಕ್ಕೆ ಅತ್ತೆಯ ಬಳೆ. ಇನ್ನೊಂದು ಚಿಕ್ಕದು, ಅದಕ್ಕೆ ಹುಟ್ಟಲಿರುವ ಮೊಮ್ಮಗುವಿಗೆಂದು ತಂದಿಟ್ಟಿದ್ದ ಬಳೆ. ಅಂಗಡಿಯ ಕಟ್ಟೆಯ ಮೇಲೆ ಬಳೆಗಳನ್ನಿಟ್ಟು “ಈ ಸೈಜಿಂದು ಕೊಡಪ್ಪ” ಎನ್ನುವುದು. ನಾಗಮಂಗಲದಲ್ಲಿ ಅಂಗಡಿಯವನು ಕೈಮುಗಿದು, “ಯಜಮಾನ್ರೇ, ಬಳೆ ಅಂಗ್ಡಿ ಆಚೆ ಬೀದೀಲಿ ಅದೆ” ಎಂದನಂತೆ!

ನಾಗಮಂಗಲದ ತನಕ ಹೋದವರು ಮಗಳನ್ನು ನೋಡದೆ ಬರುತ್ತಾರೆಯೇ? ನೋಡಿದರು. ಆ ಸಂಜೆ ನಾನು ಅತ್ತೆಯ ಬಳಿ ಇರುವಾಗಲೇ ಮಗಳು ಅಮ್ಮನಿಗೆ ಫೋನು ಮಾಡಿ ದೂರಿದ್ದೇ ದೂರಿದ್ದು. “ಅಪ್ಪ ಬಂದು ನಂಗೆ ಎಂಗಿದೀಯ ಅಂತ್ಲೂ ಕೇಳ್ಲಿಲ್ಲ ಕಣವ್ವ. ನೀನೆಂಗಿದೀಯ ಅಂತ ನಾ ಕೇಳುದ್ರೆ ಬೂಟು, ಅವ್ವ ಯಾಕೆ ಬರ್ಲಿಲ್ಲ ಅಂದ್ರೆ ಬೂಟು. ತಲೆ ಕೆಟ್ಟೋಯ್ತು ನಂಗೆ!”

ಫೋನು ಇಟ್ಟ ಅತ್ತೆ ನನ್ನ ಕಡೆ ತಿರುಗಿದರು. “ಗುಟ್ಟು ಮಡಿಕ್ಕೊಳ್ಳಕ್ ಬರಾಕಿಲ್ಲ ಆ ಮನುಸಂಗೆ. ಅದಕ್ಕೇ ಬೂಟು ಅಂದವ್ರೆ,” ಎಂದರು.

ಕೊನೆಗೆ ಶ್ರೀರಂಗಪಟ್ಟಣದ ರಫೀಕ್ ಭಾಯಿ ಬೆಂಗಳೂರಿನಿಂದ ಬೂಟು ತರಿಸಿಕೊಡಲು ಒಪ್ಪಿದರು. ರಫೀಕ್ ಭಾಯಿ ಗ್ಯಾರೇಜು ಇಟ್ಟವರು, ಮಾವನ ಹಳೆಯ ಸ್ನೇಹಿತರು. ಈ ಕಾರೆಂದರೆ ಅವರಿಗೆ ಆಗದು. “ಅರೆ, ಇದರ ಕೆಳಗೆ ಹೋಗಬೇಕಂದ್ರೆ ಮನುಷ್ಯ ಚಪಾತಿ ಆಗಬೇಕಣ್ಣ! ನನ್ನ ಹೊಟ್ಟೆ ನೋಡು, ಇದು ಚಪಾತಿ ಆಗೋ ಹೊಟ್ಟೆನಾ?” ಎಂದು ಬಯ್ಯುತ್ತಲೇ ರಿಪೇರಿ ಮಾಡುತ್ತಾರೆ.

ಬೂಟಿನ ಪಾರ್ಸೆಲ್ಲು ಬಂದ ಮಾರನೆಯ ದಿನವೇ ಆಸ್ಪತ್ರೆಯಿಂದಲೂ ಕರೆ ಬಂತು. ರಿಪೋರ್ಟು ಸಿದ್ಧವಾಗಿದೆ, ಬನ್ನಿ ಎಂದರು. ಏನು ಬಂದಿದೆ ಎಂದು ಹೇಳಲಿಲ್ಲ. ನಾನು ರಜೆ ಹಾಕಿ ಬಂದೆ. ಮಾವ ಬಿಳಿ ಅಂಗಿ ತೊಟ್ಟು ತಯಾರಾಗಿದ್ದರು. ಸದ್ಯ, ಬುದ್ಧಿ ಬಂತಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವರು ಎಲ್ಲೋ ನೋಡುತ್ತ, “ನೀವಿಬ್ರೂ ಬಸ್ಸಲ್ಲಿ ಓಗ್ಬುಡಿ. ನಾನು ರಫೀಕನ್ ತಾವ ಬೂಟು ಹಾಕುಸ್ತಿರ್ತೀನಿ” ಎಂದರು. ನನಗೆ ಬಾಯಿಗೆ ಬಂದದ್ದನ್ನು ಅತ್ತೆ ಕಣ್ಣಿನಲ್ಲೇ ತಡೆದರು.

ಬಸ್ಸಿನಲ್ಲಿ ನಾನೂ ಅತ್ತೆಯೂ ಒಂದೇ ಸೀಟಿನಲ್ಲಿ ಕೂತೆವು. ಕಿಟಕಿಯ ಹೊರಗೆ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಕೂತಿದ್ದ ಹೆಂಗಸು ಒಳಗೆ ಹೋಗಿ, ಗಂಡನ ತೋಳು ಹಿಡಿದು ಅಳುತ್ತ ಹೊರಗೆ ಬಂದಳು. ಆಮೇಲೆ ಅತ್ತೆಯ ಹೆಸರು ಕೂಗಿದರು. ನಾಲ್ಕು ಹೆಜ್ಜೆಯ ಆ ದಾರಿ ಎಷ್ಟು ಉದ್ದವಿತ್ತೆಂದು ಹೇಗೆ ಹೇಳಲಿ?

ಡಾಕ್ಟರಮ್ಮ ಕಾಗದ ನೋಡಿ, ತಲೆಯೆತ್ತಿ, ಮೊದಲು ನಕ್ಕರು. ಆ ನಗುವಿಗೆ ಅವರಿಗೆ ಪುಣ್ಯ ಬರಲಿ! ಅದು ಬರೀ ಸಾದಾ ಗಂಟು, ಕ್ಯಾನ್ಸರ್ ಅಲ್ಲ, ಹೆದರಬೇಡಿ, ಆಮೇಲೊಮ್ಮೆ ಬಂದು ತೋರಿಸಿಕೊಂಡು ಹೋಗಿ ಎಂದರು. ನನಗೆ ಅಳು ನುಗ್ಗಿ ಬಂತು. ಅತ್ತೆ ನನ್ನ ಬೆನ್ನು ಸವರಿ, ಡಾಕ್ಟರಮ್ಮನಿಗೆ “ಮೊದ್ಲು ನಮ್ ಹುಡ್ಗೀಗೆ ಒಂದ್ಲೋಟ ನೀರು ಕೊಡ್ಸಿ” ಎಂದರು. ಕಾಯಿಲೆ ಯಾರಿಗೆಂದು ಡಾಕ್ಟರಮ್ಮನಿಗೂ ಗೊಂದಲವಾಗಿರಬೇಕು!

ಮಾವನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ. ಇಲ್ಲ. ಬಸ್ಸು ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿದು ಗ್ಯಾರೇಜಿಗೆ ಹೋದಾಗ ರಫೀಕ್ ಭಾಯಿ ಬಾಗಿಲಲ್ಲೇ ನಿಂತಿದ್ದರು.

“ಬನ್ನಿ ಭಾಬಿ. ಕೆಲಸ ಆವಾಗ್ಲೇ ಮುಗೀತು. ಕೀಲಿಗೆ ಏನೂ ಆಗಿಲ್ಲ, ಹಳೇ ಗ್ರೀಸ್ ತೊಳೆದು ಹೊಸಾದು ತುಂಬಿ ಬೂಟ್ ಹಾಕಿದೀನಿ, ಫಸ್ಟ್ ಕ್ಲಾಸ್! ಆದ್ರೆ ಅಣ್ಣ ಕೆಳಗಿಂದ ಬರಲ್ಲ ಅಂತಾರೆ. ಆ ಕ್ಲಿಪ್ಪು ನೋಡ್ತೀನಿ, ಈ ಕ್ಲಿಪ್ಪು ನೋಡ್ತೀನಿ ಅಂತ ಮಲ್ಕೊಂಡವ್ರೆ. ಫೋನು ಬಡ್ಕೊಂಡ್ರೂ ಎತ್ತಲಿಲ್ಲ. ನಾನು ಎತ್ತೋಕೆ ಹೋದ್ರೆ ಬೇಡ ಅಂದ್ರು.”

ಒಳಗೆ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದ ಕಾರಿನ ಕೆಳಗಿನಿಂದ ಆ ಬರಿಗಾಲುಗಳು ಕಾಣುತ್ತಿದ್ದವು. ನಮ್ಮ ಹೆಜ್ಜೆಯ ಸದ್ದು ಕೇಳಿ ಅವು ಅಲುಗಾಡದೆ ನಿಂತವು. ಅತ್ತೆ ಸೆರಗು ಸಿಕ್ಕಿಸಿಕೊಂಡು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

“ಏನೂ ಇಲ್ವಂತೆ ಕಣ್ರೀ.”

ಕೆಳಗೆ ಸ್ಪ್ಯಾನರು ಠಣ್ಣೆಂದು ನೆಲಕ್ಕೆ ಬಿತ್ತು.

“ಸರ್ಯಾಗಿ ಕೇಳ್ದಾ?”

“ಕೇಳ್ದೆ.”

“ನರ್ಸು ಏಳಿದ್ದೋ, ಡಾಕ್ಟ್ರೇ ಏಳಿದ್ದೋ?”

“ಡಾಕ್ಟ್ರೇ ಏಳುದ್ರು. ನಗ್ತಾ ಏಳುದ್ರು.”

ಆ ಬರಿಗಾಲುಗಳು ಒಂದಕ್ಕೊಂದು ಉಜ್ಜಿಕೊಂಡವು. ಆಮೇಲೆ, “ನಂಗೆ ಆ ಬೆಂಚ್ನಲ್ಲಿ ಕೂರಾಕಾಗ್ತಿರ್ಲಿಲ್ಲ ಕಣೆ” ಎಂಬ ಮಾತು ಬಂತು.

“ಗೊತ್ತು ಬುಡಿ. ಈಗ ಬನ್ನಿ ಈಚ್ಗೆ. ಅಸಿವಾಯ್ತದೆ ನಂಗೆ.”

ಮಾವ ತೆವಳಿಕೊಂಡು ಹೊರಗೆ ಬಂದರು. ಬಿಳಿ ಅಂಗಿಯ ಬಣ್ಣ ಯಾವುದೆಂದು ದೇವರೇ ಹೇಳಬೇಕು. ಮುಖದ ತುಂಬ ಗ್ರೀಸು, ಕಣ್ಣಿನಿಂದ ಕಿವಿಯ ಕಡೆಗೆ ಮಾತ್ರ ಎರಡು ಗೆರೆ ತೊಳೆದಂತಿದ್ದವು. ಅತ್ತೆ ಅದನ್ನು ನೋಡಿದರು. ರಫೀಕ್ ಭಾಯಿ ಜೋರಾಗಿ ಕೆಮ್ಮಿ, ಟೀ ತರುತ್ತೇನೆಂದು ಹೊರಗೆ ಹೋದರು. ನಾವು ಮೂವರೂ ಗ್ಯಾರೇಜಿನ ಹಳೆಯ ಟೈರುಗಳ ಮೇಲೆ ಕೂತು, ಅವರು ತಂದ ಟೀಯಲ್ಲಿ ಬನ್ನು ಅದ್ದಿಕೊಂಡು ತಿಂದೆವು. ಅಷ್ಟು ರುಚಿಯಾದ ಬನ್ನನ್ನು ನಾನು ಆಮೇಲೆ ಎಲ್ಲೂ ತಿಂದಿಲ್ಲ.

ಕಾರಿನಲ್ಲಿ ಎರಡೇ ಸೀಟು. ನಾನು ಬಸ್ಸಿಗೆ ಬರುತ್ತೇನೆಂದು ಅವರನ್ನು ಮುಂದೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಪಾಂಡವಪುರದ ಬಸ್ಸು ಸಿಕ್ಕಿತು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಅವರು ಇಷ್ಟರಲ್ಲಿ ಮನೆ ಸೇರಿ ಹಸು ಕರೆಯುತ್ತಿರಬೇಕು ಎಂದುಕೊಂಡೆ. ಆದರೆ ಊರಿಗೆ ಇನ್ನೂ ದೂರವಿರುವಾಗಲೇ ಮುಂದೆ ಆ ಕೆಂಪು ಕಾರು ಕಾಣಿಸಿತು. ಎತ್ತಿನ ಗಾಡಿಗೂ ನಾಚಿಕೆಯಾಗುವಷ್ಟು ನಿಧಾನವಾಗಿ, ರಸ್ತೆಯ ಅಂಚಿನಲ್ಲಿ ಹೋಗುತ್ತಿತ್ತು.

ಅಯ್ಯೋ, ಮತ್ತೆ ಕೆಟ್ಟಿತೇ ಎಂದು ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

ನಮ್ಮ ಬಸ್ಸಿನ ಡ್ರೈವರು ಹಾರ್ನಿನ ಮೇಲೆ ಕೈ ಇಡುವಷ್ಟರಲ್ಲಿ ಮಾವ ತಿರುಗಿ ನೋಡಿ, ಬಾಯಿಯ ಮೇಲೆ ಬೆರಳಿಟ್ಟರು. ಆಮೇಲೆ ಆ ಕೈಯನ್ನೇ ಚಾಚಿ, ಮುಂದೆ ಹೋಗಿ ಎಂದು ಸನ್ನೆ ಮಾಡಿದರು. ಡ್ರೈವರು ಹಾರ್ನು ಮಾಡಲಿಲ್ಲ. ಬಸ್ಸು ಸುಮ್ಮನೆ ಪಕ್ಕಕ್ಕೆ ಸರಿದು ಮುಂದಾಯಿತು. ನಾನು ಮೇಲಿನಿಂದ ನೋಡಿದೆ. ಅಷ್ಟು ದಿನ ಕಣ್ಣು ಮುಚ್ಚದಿದ್ದ ಅತ್ತೆ, ಮಾವನ ಟವಲನ್ನು ಕಿವಿಯ ತನಕ ಹೊದ್ದು, ಅವರ ಗ್ರೀಸು ಮೆತ್ತಿದ ಭುಜಕ್ಕೆ ತಲೆ ಇಟ್ಟು, ಬಾಯಿ ತೆರೆದು ನಿದ್ದೆ ಹೋಗಿದ್ದರು.