ಚೆನ್ನಯ ಸತ್ತ ಮಂಗಳವಾರ

"ನಾನು ಸತ್ತ ದಿನ ನೋಡು ಪ್ರಫುಲ್ಲಾ, ನಮ್ಮ ಬಿಲ್ಡಿಂಗಿನಿಂದ ಡೊಂಬಿವಲಿ ಸ್ಟೇಷನ್‌ವರೆಗೆ ಕ್ಯೂ ನಿಲ್ತದೆ!"

ಹೀಗೆಂದು ಹೆಂಡತಿಯ ಮುಂದೆ ಘೋಷಿಸಿದವನು ನೌಪಾಡಾದ ಹೋಟೆಲೊಂದರ ಮ್ಯಾನೇಜರ್ ಚೆನ್ನಯ. ಫೇಸ್‌ಬುಕ್ಕಿನಲ್ಲಿ ಅವನಿಗೆ ನಾಲ್ಕು ಸಾವಿರದ ಒಂಬೈನೂರು ಗೆಳೆಯರು! ಈ ವಾರದೊಳಗೆ ಐದು ಸಾವಿರ ಮುಟ್ಟಿಸಿಯೇ ತೀರುತ್ತೇನೆಂದು ಪಣ ತೊಟ್ಟಿದ್ದ. ಈ ಮಹಾಸಾಧನೆಗಾಗಿಯೇ ಹದಿನೈದು ವರ್ಷ ಹಿಡಿದ ಬೆಳಗಿನ ಎಂಟು ಹದಿನಾಲ್ಕರ ಲೋಕಲ್ ರೈಲನ್ನೂ, ಅದರಲ್ಲಿ ಜೊತೆಗೂಡಿ ಭಜನೆ ಹಾಡುತ್ತಿದ್ದ ಗುಂಪನ್ನೂ ತೊರೆದಿದ್ದ. ಕೂತು ಫೋನ್ ನೋಡಲು ಸೀಟು ಸಿಗುವ ತಡವಾದ ಲೋಕಲ್ ಹಿಡಿಯತೊಡಗಿ ವರ್ಷವಾಗಿತ್ತು.

"ಹೆಗಲು ಕೊಡ್ಲಿಕ್ಕೆ ನಾಲ್ಕು ಜನ ಸಾಕು ಮಾರಾಯ್ರೆ. ಆ ನಾಲ್ವರು ಯಾರು, ಅದನ್ನು ಮೊದಲು ಹೇಳಿ," ಎಂದು ಪ್ರಫುಲ್ಲಾ ಚಪ್ಪಲಿ ಮೆಟ್ಟಿ ವಿಠ್ಠಲವಾಡಿಯ ತಂಗಿಯ ಮನೆಗೆ ಹೊರಟುಹೋದಳು.

ಅಂದು ಮಂಗಳವಾರ, ಚೆನ್ನಯನ ವಾರದ ರಜೆ. ಹೋಟೆಲಿನವರ ಸಂಘ ಹಿಂದೊಮ್ಮೆ ಮಾಡಿದ ಸನ್ಮಾನದಲ್ಲಿ ತೆಗೆದ ಫೋಟೋ ಹುಡುಕಿದ. ಕೊರಳಲ್ಲಿ ಗಂಧದ ಹಾರ! ಅಕ್ಕಪಕ್ಕದ ಗಣ್ಯರನ್ನು ಕತ್ತರಿಸಿ ಹಾಕಿ, ಗಾಂಭೀರ್ಯಕ್ಕಿರಲಿ ಎಂದು ಕಪ್ಪುಬಿಳುಪು ಮಾಡಿ, "ನಿಮ್ಮೆಲ್ಲರ ಪ್ರೀತಿಗೆ ಚಿರಋಣಿ" ಎಂದು ಬರೆದು ಹಾಕಿದ. ಹಾಗೇ ನಿದ್ದೆಹೋದ.

ಎದ್ದಾಗ ಮುಸ್ಸಂಜೆ. ಮನೆಯೆಲ್ಲ ಗವ್ವೆನ್ನುತ್ತಿತ್ತು. ಫೋನಿನಲ್ಲಿ ಆರುನೂರು ಕಾಮೆಂಟು! ಹಿಗ್ಗಿ ಓದತೊಡಗಿದ.

"ಓಂ ಶಾಂತಿ." "ಓಂ ಶಾಂತಿ." "ಓಂ ಶಾಂತಿ."

"ರೈಲು ಮುಂಬ್ರಾ ದಾಟುವಾಗ ಎದೆನೋವು ಬಂತಂತೆ," ಎಂದು ಒಬ್ಬ. "ನನ್ನ ಕೈ ಹಿಡಿದೇ ಕಣ್ಣು ಮುಚ್ಚಿದರು," ಎಂದು ಜನ್ಮದಲ್ಲಿ ಕಾಣದ ಇನ್ನೊಬ್ಬ! "ಚಿತೆಯ ಮೇಲೂ ಮುಖದಲ್ಲಿ ಎಂಥ ಕಳೆ!" ಎಂದು ಮತ್ತೊಬ್ಬ.

ಚೆನ್ನಯ ದಡಬಡಿಸಿ ಎದ್ದು ಕುಳಿತ. "ನಾನು ಬದುಕಿದ್ದೇನೆ!" ಎಂದು ಬರೆದ. ತಕ್ಷಣ ಉತ್ತರ ಬಂತು: "ಪಾಪ, ಮನೆಯವರು ಅವರ ಫೋನಿಂದ ಬರೆಯುತ್ತಿದ್ದಾರೆ. ದುಃಖದಲ್ಲಿ ಹೀಗಾಗುತ್ತದೆ." ಅದಕ್ಕೆ ತೊಂಬತ್ತು ಲೈಕು!

ಆರುನೂರರಲ್ಲಿ ಒಬ್ಬನೂ ಫೋನ್ ಮಾಡಿರಲಿಲ್ಲ. ಮಣಿಕಟ್ಟು ಒತ್ತಿ ನಾಡಿ ಹುಡುಕಿದ, ಸಿಗಲಿಲ್ಲ. ಕೆಳಗೋಡಿದ. ಕೈಬೀಸಿ ಕರೆದರೂ ವಾಚ್‌ಮನ್ ತಲೆಯೆತ್ತಲಿಲ್ಲ. ರಸ್ತೆಯಲ್ಲಿ ಕೈ ಅಡ್ಡ ಹಿಡಿದರೆ, ಒಂದಲ್ಲ, ಐದು ರಿಕ್ಷಾಗಳು ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ದಾಟಿಹೋದವು. ಡೊಂಬಿವಲಿಯಲ್ಲಿ ಬದುಕಿರುವವರ ಪಾಡೂ ಇದೇ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

ಮೇಲೆ ಬಂದು, ದೀಪ ಹಾಕಲೂ ಹೆದರಿ ಕುಳಿತ. ಸತ್ತದ್ದಕ್ಕಿಂತ, ನೋಡಲು ಯಾರೂ ಬರಲಿಲ್ಲವಲ್ಲ ಎಂಬುದೇ ಅವನಿಗೆ ದೊಡ್ಡ ಸಂಕಟವಾಯಿತು.

ಆಗ ಲಿಫ್ಟ್ ನಿಂತ ಸದ್ದಾಯಿತು. ಹೆಜ್ಜೆಗಳು ಬಾಗಿಲ ತನಕ ಬಂದು ನಿಂತವು. ಬೆಲ್ ಇಲ್ಲ, ಮಾತಿಲ್ಲ. ಬಾಗಿಲ ಕಿಂಡಿಗೆ ಕಣ್ಣಿಟ್ಟ. ನಾಲ್ಕು ಕಪ್ಪು ಆಕೃತಿಗಳು! ಒಬ್ಬನ ಕೈಯಲ್ಲಿ ಹೆಣದ ಮುಂದೆ ಹಿಡಿಯುವಂಥ ಹೊಸ ಮಣ್ಣಿನ ಮಡಕೆ! ಯಮದೂತರು, ಅದೂ ಒಬ್ಬಿಬ್ಬರಲ್ಲ! ಇನ್ನೇನು ತಪ್ಪಿಸಿಕೊಳ್ಳುವುದು ಎಂದು ಚಿಲಕ ತೆಗೆದ.

"ಅಯ್ಯಯ್ಯೋ ಭೂತ!" ಎಂದು ಹಿಂದಕ್ಕೆ ಹಾರಿದ್ದು ಮಡಕೆಯವನು.

ಭಜನೆ ಗುಂಪಿನ ಕಿಟ್ಟಣ್ಣ! ಅವನ ಹಿಂದೆ ಅದೇ ಗುಂಪಿನ ಮೂವರು. ಕಿಟ್ಟಣ್ಣ ಮೆಲ್ಲನೆ ಕೈ ಚಾಚಿ ಚೆನ್ನಯನ ತೋಳು ಚಿವುಟಿದ. "ಬಿಸಿ ಉಂಟು!" ಎಂದವನೇ ತಬ್ಬಿಕೊಂಡು ಅತ್ತೇಬಿಟ್ಟ.

"ಒಂದು ಫೋನ್ ಮಾಡ್ಬಾರ್ದಿತ್ತಾ ಕಿಟ್ಟಣ್ಣ?"

"ಸತ್ತವನಿಗೆ ಎಂತ ಫೋನ್ ಮಾಡುದು ಮಾರಾಯ? ಲೋಕಲ್ಲಿನಲ್ಲಿ ಯಾರೋ ಹೇಳಿದ್ರು. ಇಳಿದವರೇ ಮಡಕೆ ಕೊಂಡು ಸೀದಾ ಬಂದೆವು."

ಅಷ್ಟರಲ್ಲಿ ಪ್ರಫುಲ್ಲಾ ಬಂದಳು. ಗಂಡನ ಮುಖ ನೋಡಿದಳು, ಮಡಕೆ ನೋಡಿದಳು, ಎಣಿಸಿದಳು. "ಒಂದು, ಎರಡು, ಮೂರು, ನಾಲ್ಕು. ಕ್ಯೂ ಇಷ್ಟೇನಾ ಮಾರಾಯ್ರೆ?"

"ಇಷ್ಟು ಸಾಕು," ಎಂದ ಚೆನ್ನಯ, ಕಣ್ಣೊರೆಸಿಕೊಳ್ಳುತ್ತ.

ಕಿಟ್ಟಣ್ಣ ಮಡಕೆಯನ್ನು ಅವನ ಕೈಗೆ ತುರುಕಿದ. "ನಾಳೆ ಎಂಟು ಹದಿನಾಲ್ಕಕ್ಕೆ ಬಾ. ಬಾರದಿದ್ರೆ ಇದನ್ನೇ ಹಿಡ್ಕೊಳ್ಳಿಕ್ಕೆ ನಾವು ಮತ್ತೆ ಬರ್ತೇವೆ. ಅಂಗಡಿಯವ ವಾಪಸ್ ತಗೊಳ್ಳುದಿಲ್ಲ ಅಂದಿದ್ದಾನೆ!"