ಗಿರಿಜವ್ವನ ಪೂರ್ತಿ ಮುಖದ ಬಗ್ಗೆ ಒಂದು ಅರಿಕೆ

ನನ್ನ ಅಂಗೈಯಗಲದ ಮೊಬೈಲಿನೊಳಗೆ ಬಿಜಯಂಗೈದು, ಒಂದೇ ಕಣ್ಣಿನಿಂದ ಕೂಲಿಯವರೆಲ್ಲರ ಮುಖ ನೋಡುವ ಹಾಜರಿ ಯಂತ್ರ ಸಾಹೇಬರಿಗೆ, ಚಿಕ್ಕೋಡಿ ತಾಲ್ಲೂಕಿನಲ್ಲಿ ಕರೋಶಿ ದಾಟಿ ಮುಂದೆ ಬಂದರೆ ಸಿಗುವ ನಮ್ಮೂರ ಕೆರೆಯ ತಳದಿಂದ, ಮೊಣಕಾಲ ತನಕ ಹೂಳು ಮೆತ್ತಿಕೊಂಡು ನಿಂತ ಕೋಮಲಳ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಆರೋಗ್ಯದ ಕಾಳಜಿ ನಮಗೆ ಸದಾ ಇದ್ದೇ ಇದೆ. ಬಿಸಿಲಿಗೆ ತಮ್ಮ ಮೈ ಕಾದರೆ ಒದ್ದೆ ಬಟ್ಟೆ ಸುತ್ತಿ ಜಾಲಿ ಗಿಡದ ನೆರಳಿಗೆ ಇಡುತ್ತೇವೆ. ಸಿಗ್ನಲ್ ಸಿಗದೆ ತಾವು ಸುಸ್ತಾದರೆ ತಮ್ಮನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು ನಾನು ಕೆರೆ ಏರಿಯ ಉದ್ದಕ್ಕೂ ಓಡುತ್ತೇನೆ. ಬುಟ್ಟಿ ಹೊರುವ ಇಪ್ಪತ್ತೆರಡು ಹೆಂಗಸರಲ್ಲಿ ಒಬ್ಬರಿಗೂ ಇಷ್ಟು ಆರೈಕೆ ಸಿಕ್ಕಿಲ್ಲ, ಅವರು ಕೇಳಿಯೂ ಇಲ್ಲ.

ತಾವು ನೆರಳಿನಲ್ಲಿ ಬೆಳೆದವರಾದ್ದರಿಂದ ನಮ್ಮ ಸೀಮೆಯ ಬೇಸಿಗೆಯ ಬಗ್ಗೆ ಎರಡು ಮಾತು ಹೇಳಬೇಕು. ಕಬ್ಬಿನ ಕಟಾವು ಮುಗಿಯಿತೆಂದರೆ ಮೊದಲ ಮಳೆ ಬೀಳುವ ತನಕ ಇಲ್ಲಿ ಕೈಗೆ ಕೆಲಸವಿಲ್ಲ. ಗಂಡಸರು ಖಾಲಿ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಉಗಾರ ಬುದ್ರುಕದ ಕಡೆಗೆ ಹಿಂಡು ಹೊಡೆದುಕೊಂಡು ಹೋಗುತ್ತಾರೆ, ಹೆಂಗಸರು ಗಡಿ ದಾಟಿ ಇಟ್ಟಂಗಿ ಭಟ್ಟಿಗೆ ಹೋಗುತ್ತಾರೆ. ಹಾಗೆ ಊರು ಬಿಡುವುದು ತಪ್ಪಲಿ ಎಂದೇ ಸರ್ಕಾರ ನಮಗೆ ಉದ್ಯೋಗ ಖಾತ್ರಿ ಕೆಲಸ ಕೊಟ್ಟಿದೆ, ಕೆರೆಯ ಹೂಳು ತೆಗೆಸುತ್ತಿದೆ. ನಾನು ಈ ಗುಂಪಿನ ಮೇಟ್, ಎಂದರೆ ಹಾಜರಿ ಹಿಡಿಯುವವಳು. ತಾವು ಬರುವ ಮೊದಲು ನಾನು ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆ, ಅವರು "ಅದೀನಬೇ" ಎನ್ನುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅದು ಬಹಳ ಹಿಂದುಳಿದ ಪದ್ಧತಿಯಾಗಿತ್ತೆಂದು ಈಗ ಅರ್ಥವಾಗಿದೆ, ಏಕೆಂದರೆ ಅದರಲ್ಲಿ ಬಂದವರೆಲ್ಲ ಬಂದವರೇ ಆಗಿಬಿಡುತ್ತಿದ್ದರು.

ಈಗ ಗಿರಿಜವ್ವನ ವಿಷಯಕ್ಕೆ ಬರುತ್ತೇನೆ. ಆಕೆ ಕುರಿಗಾರ ಮಲಕಾರಿಯ ಹೆಂಡತಿ, ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಬುಟ್ಟಿ ಹೊರುವವಳು. ಮಗಳು ಭಾಗ್ಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಇವತ್ತೋ ನಾಳೆಯೋ ಎನ್ನುವ ಹಾಗಿದ್ದಾಳೆ. ಇಲ್ಲಿ ಕೆಲಸವಿದ್ದರೆ ಗಿರಿಜವ್ವ ಮಗಳ ಬಾಣಂತನಕ್ಕೆ ಊರಲ್ಲೇ ಇರುತ್ತಾಳೆ, ಇಲ್ಲದಿದ್ದರೆ ಭಟ್ಟಿಗೆ ಹೋಗುತ್ತಾಳೆ. ವಿಷಯ ಇಷ್ಟೇ.

ಹೋದ ವರ್ಷ ಪಂಚಾಯತಿಯಲ್ಲಿ ತಮ್ಮ ಸಲುವಾಗಿ ಎಲ್ಲರ ಮುಖ ಹಿಡಿದ ದಿನ, ಫೋಟೋ ತೆಗೆಯುವವನ ಬೆನ್ನ ಹಿಂದೆ ಸರತಿಯಲ್ಲಿ ಮಲಕಾರಿಯ ಅಣ್ಣ ಅಮೋಘಸಿದ್ದ ನಿಂತಿದ್ದ. ಭಾವ ಎದುರಿಗಿದ್ದರೆ ನಮ್ಮಲ್ಲಿ ಸೊಸೆಯಾದವಳು ಏನು ಮಾಡುತ್ತಾಳೆಂದು ತಮ್ಮನ್ನು ಹೆತ್ತವರು ಹೇಳಿಕೊಟ್ಟಿಲ್ಲವೆಂದು ಕಾಣುತ್ತದೆ. ಮದುವೆಯಾದ ಇಪ್ಪತ್ತಾರು ವರ್ಷಗಳಿಂದ ಮಾಡುತ್ತ ಬಂದ ಹಾಗೆ ಗಿರಿಜವ್ವ ಸೆರಗು ಮುಂದಕ್ಕೆ ಎಳೆದುಕೊಂಡು ಎಡಕ್ಕೆ ತಿರುಗಿದಳು. ಒಂದು ಕಿವಿ, ಒಂದು ಕೆನ್ನೆ, ಅರ್ಧ ಮೂಗು. ಇದನ್ನೇ ತಾವು ಪ್ರಸಾದವೆಂದು ಸ್ವೀಕರಿಸಿ ಹೊಟ್ಟೆಗೆ ಹಾಕಿಕೊಂಡಿರಿ.

ಈ ಬೇಸಿಗೆ ಕೆಲಸ ಶುರುವಾದಾಗ ಆಕೆ ತಮ್ಮ ಎದುರಿಗೆ ನೆಟ್ಟಗೆ ನಿಂತಳು. ತಾವು "ಮುಖ ಹೊಂದುತ್ತಿಲ್ಲ" ಎಂದಿರಿ. ನಾಲ್ಕು ದಿನ, ದಿನಕ್ಕೆ ಎರಡು ಸಲ, ಹಾಗೆಯೇ ಎಂದಿರಿ. ಮುಖ ತೊಳೆಸಿದೆವು, ಕುಂಕುಮ ದೊಡ್ಡದು ಮಾಡಿದೆವು, ಜೊತೆಗೆ ಬುಟ್ಟಿ ಹೊರುವ ಕೆಂಪವ್ವ ತನ್ನ ಮೂಗುಬೊಟ್ಟು ಬಿಚ್ಚಿ ತೊಡಿಸಿದಳು. ತಾವು ಜಗ್ಗಲಿಲ್ಲ. ಐದನೆಯ ದಿನ ಅಮೋಘಸಿದ್ದ ಆಡು ಹೊಡೆದುಕೊಂಡು ಆ ದಾರಿಯಲ್ಲಿ ಬಂದ. ಗಿರಿಜವ್ವ ಗಡಬಡಿಸಿ ಸೆರಗು ಎಳೆದು ಎಡಕ್ಕೆ ತಿರುಗಿದ್ದೇ ತಡ, ತಮ್ಮ ಮೈಮೇಲೆ ಹಸಿರು ದೀಪ ಹತ್ತಿತು! ಹೆಂಗಸರೆಲ್ಲ ಬುಟ್ಟಿ ಬಡಿದು ಕೂಗಿದ ಕೂಗಿಗೆ ಆಡು ದಿಕ್ಕಾಪಾಲಾದವು, ಪಾಪ, ಆ ಮನುಷ್ಯನಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯಲಿಲ್ಲ.

ಅಂದಿನಿಂದ ಅಮೋಘಸಿದ್ದ ತಮ್ಮ ಇಲಾಖೆಯ ಬಿಡಿಭಾಗವಾದ. ದಿನಕ್ಕೆ ಎರಡು ಹೊತ್ತು ಆಡು ಬಿಟ್ಟು ಬಂದು ಮೊಬೈಲಿನ ಹಿಂದೆ ಕಂಬದ ಹಾಗೆ ನಿಲ್ಲಬೇಕು, ತಮ್ಮನ ಹೆಂಡತಿ ನಾಚಿ ಮುಖ ತಿರುಗಿಸಬೇಕು, ತಾವು ಆಕೆಯ ಹಾಜರಿ ಒಪ್ಪಬೇಕು. ಅವನಿಗೊಂದು ಹುದ್ದೆ, ಒಂದು ಖಾಕಿ ಟೊಪ್ಪಿಗೆ, ಆಗದಿದ್ದರೆ ಒಂದು ಛತ್ರಿಯನ್ನಾದರೂ ದಯಪಾಲಿಸಬೇಕೆಂದು ಕೋರುತ್ತೇನೆ. ಹಾಗೆಯೇ ಪ್ರತಿಯೊಂದು ಗುಂಪಿಗೂ ತಲಾ ಒಬ್ಬ ಭಾವನನ್ನು ಸರ್ಕಾರದಿಂದಲೇ ಮಂಜೂರು ಮಾಡಿದರೆ ಉಳಿದ ತಾಲ್ಲೂಕುಗಳಿಗೂ ಅನುಕೂಲವಾದೀತು.

ತಮ್ಮ ಇನ್ನೊಂದು ರಸಿಕತೆಯನ್ನೂ ಇಲ್ಲಿ ಕೊಂಡಾಡದೆ ಇರಲಾರೆ. ಎದುರಿಗಿರುವುದು ಜೀವಂತ ಮನುಷ್ಯರೇ ಎಂದು ಖಾತ್ರಿ ಮಾಡಿಕೊಳ್ಳಲು ತಾವು "ಕಣ್ಣು ಮಿಟುಕಿಸಿ" ಎಂದು ಗಟ್ಟಿಯಾಗಿ ಅಪ್ಪಣೆ ಕೊಡುತ್ತೀರಿ. ಕೆಂಪವ್ವನ ಬಾಯಿಗೆ ಅಷ್ಟು ಸಾಕಾಯಿತು. "ಯಕ್ಕಾ, ಭಾವ ಎದುರಿಗಿ ನಿಂತಾನ, ಮಷೀನ ನೋಡಿದ್ರ ಕಣ್ಣ ಹೊಡಿ ಅನ್ನಾಕತ್ತೈತಿ, ಏನ ಮಾಡ್ತಿ ಈಗ?" ಎಂದಳು. ಅಮೋಘಸಿದ್ದ ಕೆಂಪಗಾಗಿ ಆಕಾಶ ನೋಡಿದ. ಗಿರಿಜವ್ವ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಹೊಸ ಫೋಟೋ ಹಾಕಿಸಿರೆಂದು ತಾವು ಸಲಹೆ ಕೊಡುವಿರಿ, ಬಲ್ಲೆ. ನಾನು ವಿಚಾರಿಸಿದ್ದೇನೆ. ಮುಖ ತಿದ್ದುಪಡಿ ಜುಲೈ ತಿಂಗಳಲ್ಲಿ ಶುರುವಾಗುತ್ತದಂತೆ, ಎಂದರೆ ಮಳೆ ಬಂದು, ಕೆರೆ ತುಂಬಿ, ಹೊಲದಲ್ಲಿ ಎಲ್ಲರಿಗೂ ಕೆಲಸ ಸಿಕ್ಕಿ, ಖಾತ್ರಿ ಕೆಲಸ ಯಾರಿಗೂ ಬೇಡವಾದ ಮೇಲೆ. ಆದರೆ ಏಳು ದಿನ ಮುಖ ಹೊಂದದವರ ಹೆಸರನ್ನು ಮಾತ್ರ ತಾವು ಜುಲೈ ತನಕ ಕಾಯದೆ ತೆಗೆದುಹಾಕುತ್ತೀರಿ. ತಮ್ಮ ಈ ಚುರುಕುತನಕ್ಕೆ ಯಾರ ಕಣ್ಣೂ ತಾಗದಿರಲಿ.

ಮೊನ್ನೆ ಸೋಮವಾರ ಮಧ್ಯಾಹ್ನ ಅಮೋಘಸಿದ್ದ ಬಿಸಿಲಿನಲ್ಲಿ ಬಂದವನು ಮೊಬೈಲಿನ ಹಿಂದೆ ನಿಲ್ಲಲಿಲ್ಲ. ತಲೆಗೆ ಸುತ್ತಿದ ಪಟಗ ಬಿಚ್ಚಿ ಬೆವರು ಒರೆಸಿಕೊಂಡು, ನೆಲ ನೋಡುತ್ತ ಹೇಳಿದ: "ಗಿರಿಜವ್ವಾ, ಇಪ್ಪತ್ತಾರ ವರ್ಸ ನನಗ ಮರ್ಯಾದಿ ಕೊಟ್ಟಿ, ಸಾಕವ್ವಾ. ಮರ್ಯಾದಿ ಅನ್ನೂದು ಈ ಡಬ್ಬಿ ಮುಂದ ದಿನಾ ಎರಡ ಹೊತ್ತ ಆಡೂ ಆಟ ಅಲ್ಲ. ಸೆರಗ ತಗಿ, ಮುಖ ನೆಟ್ಟಗ ಮಾಡ. ನಾನs ಹೇಳಾಕತ್ತೇನಿ."

ಕೆಂಪವ್ವ ತಲೆಯ ಮೇಲಿನ ಬುಟ್ಟಿ ಕೆಳಗಿಟ್ಟಳು. ಗಿರಿಜವ್ವ ಬಹಳ ಹೊತ್ತು ಸೆರಗಿನ ಅಂಚು ಹಿಡಿದುಕೊಂಡೇ ನಿಂತಳು. ಆಮೇಲೆ ಅದನ್ನು ಹಿಂದಕ್ಕೆ ಸರಿಸಿ, ಭಾವನ ಎದುರಿಗೇ, ತಮ್ಮನ್ನು ನೆಟ್ಟಗೆ ನೋಡಿದಳು. ತಾವು ಯಥಾಪ್ರಕಾರ "ಮುಖ ಹೊಂದುತ್ತಿಲ್ಲ" ಎಂದಿರಿ.

ಆಡುಗಳಿಗೂ ಬಯ್ಯದ ಅಮೋಘಸಿದ್ದ ಆಗ ತಮಗೆ ಬೈದ. ಅವನ ಮಾತನ್ನು ತಿದ್ದದೆ ತಮ್ಮ ಅವಗಾಹನೆಗೆ ತರುತ್ತಿದ್ದೇನೆ: "ಇಪ್ಪತ್ತಾರ ವರ್ಸದಾಗ ನಾ ಈಕಿ ಮುಖ ನೋಡಿದ್ದು ಇವತ್ತs ಮೊದಲ. ಆದ್ರೂ ನನಗ ಗುರ್ತ ಹತ್ತಿತು. ದಿನಾ ಎರಡ ಸಲ ನೋಡೂ ನಿನಗ ಹತ್ತಂಗಿಲ್ಲೇನಲೇ?"

ಮತ್ತೊಮ್ಮೆ ತಿರುಗಿ ನಿಲ್ಲು, ಹೆಸರಾದರೂ ಉಳಿಯುತ್ತದೆ ಎಂದು ನಾನೇ ಗಿರಿಜವ್ವನಿಗೆ ಕೈಮುಗಿದು ಹೇಳಿದೆ. "ಭಾವಗ ಅಂತ ಸೆರಗ ಹೊತ್ತಿದ್ನಿ, ಭಾವನs ಬ್ಯಾಡ ಅಂದ. ಈ ಡಬ್ಬಿಗಿ ಯಾಕ ಹೊರಲಿಬೇ?" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಇಂದು ಬುಧವಾರ, ಮೂರನೆಯ ದಿನ. ತಮ್ಮ ಲೆಕ್ಕದಲ್ಲಿ ಬಾರದೇ ಇರುವ ಆ ಹೆಂಗಸು ಇವತ್ತು ಹೊತ್ತ ಮಣ್ಣು ಮಾತ್ರ ಕೆರೆಯ ಏರಿಯ ಮೇಲೆ ಬಿದ್ದಿದೆ, ಬಂದು ನೋಡಬಹುದು.

ಆದ್ದರಿಂದ ಮಾನ್ಯರೇ, ನಮ್ಮ ಬೇಡಿಕೆ ಸಣ್ಣದು. ಬರುವ ಭಾನುವಾರಕ್ಕೆ ಏಳು ದಿನ ತುಂಬುತ್ತದೆ. ಅದಕ್ಕಿಂತ ಮೊದಲು ಒಬ್ಬ ಮನುಷ್ಯನನ್ನು, ಮೂಗು ಬಾಯಿ ಕಣ್ಣು ಇರುವ ಯಾವ ಮನುಷ್ಯನಾದರೂ ಸರಿ, ಇಲ್ಲಿಗೆ ಕಳುಹಿಸಿ. ಅವನು ಗಿರಿಜವ್ವನನ್ನು ಒಮ್ಮೆ ನೋಡಿ "ಹೌದು, ಈಕೆ ಬಂದಿದ್ದಾಳೆ" ಎಂದರೆ ಸಾಕು. ಅಷ್ಟು ಮಾಡದೆ ತಾವು ಆಕೆಯ ಹೆಸರು ತೆಗೆದು ಭಟ್ಟಿಗೆ ಅಟ್ಟಿದರೆ, ಸೋಮವಾರ ಬೆಳಿಗ್ಗೆ ತಮ್ಮ ಒಂಟಿ ಕಣ್ಣಿನ ಎದುರು ನಾವು ಉಳಿದ ಇಪ್ಪತ್ತೊಂದು ಮಂದಿಯೂ ಸೆರಗು ಎಳೆದುಕೊಂಡು ಎಡಕ್ಕೆ ತಿರುಗಿ ನಿಲ್ಲುತ್ತೇವೆ. ಹೊಂದಿಸಿಕೊಳ್ಳಿ.

ತಾವು ಗುರುತು ಹಿಡಿದರೂ ಹಿಡಿಯದಿದ್ದರೂ ದಿನವೂ ಬರುವ
ತಮ್ಮ ವಿಶ್ವಾಸಿ,
ಕೋಮಲ

ತಾ.ಕ.: ತಮ್ಮನ ಹೆಂಡತಿಯ ಬುಟ್ಟಿಗೆ ಕೈ ಹಚ್ಚುತ್ತೇನೆಂದು ಅಮೋಘಸಿದ್ದನೂ ನಿನ್ನೆಯಿಂದ ಕೆಲಸಕ್ಕೆ ಬರುತ್ತಿದ್ದಾನೆ. ಹೋದ ವರ್ಷದ ಫೋಟೋದಲ್ಲಿ ಅವನಿಗೆ ಹುರಿ ಮೀಸೆಯಿತ್ತು, ತಲೆಯ ತುಂಬ ಪಟಗವಿತ್ತು. ಈಗ ಮೀಸೆಯೂ ಇಲ್ಲ, ಪಟಗವೂ ಇಲ್ಲ. ಆದರೂ ತಾವು ಅವನನ್ನು ಒಂದೇ ಏಟಿಗೆ ಗುರುತು ಹಿಡಿದಿರಿ. ಯಾರ ಎದುರಿಗೂ ಮುಖ ತಿರುಗಿಸಿ ನಿಲ್ಲಬೇಕಾಗಿ ಬಾರದವರನ್ನು ತಾವು ಎಷ್ಟು ಬೇಗ ಗುರುತಿಸುತ್ತೀರಿ, ಸಾಹೇಬರೇ!